ಬೆರಳ ತುದಿಯ ವಿದ್ಯೆ: ಸೂಲಗಿತ್ತಿ ನರಸಮ್ಮನವರನ್ನು ನೆನೆದು

ಹಿರಿಯರೇ, ತಾಯಂದಿರೇ,

ಪಾವಗಡದಲ್ಲಿ ನಿಂತು ಸೂಲಗಿತ್ತಿ ನರಸಮ್ಮನವರ ಪರಿಚಯ ಹೇಳುವ ಅಗತ್ಯವಿಲ್ಲ. ಕೃಷ್ಣಾಪುರದ ಆ ತಾಯಿ 1920ರಲ್ಲಿ ಹುಟ್ಟಿದರು, 2018ರ ಡಿಸೆಂಬರ್ 25ರಂದು ನಮ್ಮನ್ನು ಅಗಲಿದರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಅದಕ್ಕೆ ಕಾಸು ಮುಟ್ಟಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಕೊನೆಯ ವರ್ಷದಲ್ಲಿ ಪದ್ಮಶ್ರೀ ಬಂತು. ಇದನ್ನೆಲ್ಲ ನಾವು ಪ್ರತಿ ವರ್ಷ ಹೇಳುತ್ತೇವೆ, ಹೇಳಿ ಮುಗಿಸುವಾಗ ‘ಎಂಥ ಸೇವೆ!’ ಎನ್ನುತ್ತೇವೆ. ನನ್ನ ತಕರಾರು ಇರುವುದು ಆ ಒಂದು ಮಾತಿನ ಬಗ್ಗೆ.

ಸೇವೆ ನಿಜ. ಆದರೆ ವೈದ್ಯರೊಬ್ಬರು ಹಣ ಪಡೆಯದೆ ಚಿಕಿತ್ಸೆ ಕೊಟ್ಟರೆ ನಾವು ಅವರ ತ್ಯಾಗವನ್ನಷ್ಟೇ ಹೊಗಳಿ ವಿದ್ಯೆಯನ್ನು ಮರೆಯುವುದಿಲ್ಲ. ಅಕ್ಷರ ಕಲಿಯದ ಹೆಂಗಸಿನ ವಿಷಯದಲ್ಲಿ ಮಾತ್ರ ‘ಸೇವೆ’ ಎಂಬ ಹೊದಿಕೆಯಡಿ ವಿದ್ಯೆಯನ್ನು ಮುಚ್ಚಿಬಿಡುತ್ತೇವೆ. ನರಸಮ್ಮನವರು ಈ ವಿದ್ಯೆಯನ್ನು ಕಲಿತದ್ದು ಅಜ್ಜಿ ಮರಿಗೆಮ್ಮನವರಿಂದ. ನರಸಮ್ಮನವರದೇ ಹಲವು ಹೆರಿಗೆಗಳನ್ನು ಮಾಡಿಸಿದವರೂ ಆ ಅಜ್ಜಿಯೇ. ಹನ್ನೆರಡಕ್ಕೆ ಮದುವೆಯಾಗಿ ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡ ಆ ತಾಯಿ ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ನಾಟಿ ಔಷಧ ಮಾಡುವುದನ್ನೂ ಕಲಿತರು. ಗುರು, ಅಭ್ಯಾಸ, ಅನುಭವ ಮೂರೂ ಇದ್ದ ಮೇಲೆ ಅದನ್ನು ವಿದ್ಯೆಯೆನ್ನಲು ಇನ್ನೇನು ಬೇಕು?

ನಮ್ಮೂರಿನ ಸೂಲಗಿತ್ತಿಯೊಬ್ಬರ ವಿಷಯ ಹೇಳದೆ ನನಗೆ ಮುಂದೆ ಹೋಗಲಾಗದು. ನನ್ನ ತಂಗಿ ಹುಟ್ಟುವ ರಾತ್ರಿ ಅವರು ಬಂದು ಮೊದಲು ಮಾಡಿದ ಕೆಲಸವೆಂದರೆ, ಗೋಳಾಡುತ್ತಿದ್ದ ನನ್ನ ಅಜ್ಜಿಯ ಕೈಗೆ ಒನಕೆ ಕೊಟ್ಟು ‘ಹೋಗಿ ಒಂದಿಷ್ಟು ಕುಟ್ಟು ಹೋಗಮ್ಮ’ ಎಂದು ಹೊರಗೆ ಕಳುಹಿಸಿದ್ದು. ಆಮೇಲೆ ಬಿಸಿನೀರಿನಲ್ಲಿ ಕೈ ತೊಳೆದು, ಅಂಗೈಗೆ ಹರಳೆಣ್ಣೆ ಹಚ್ಚಿ ಒಲೆಯ ಶಾಖಕ್ಕೆ ಹಿಡಿದರು. ತಣ್ಣನೆಯ ಕೈ ಸೋಕಿದರೆ ಹೊಟ್ಟೆ ಬಿಗಿಯುತ್ತದೆಂಬುದು ಅವರಿಗೆ ಗೊತ್ತಿತ್ತು. ಅಮ್ಮ ಉಸಿರು ಬಿಡುವುದನ್ನೇ ಕಾಯುತ್ತ, ಬಿಟ್ಟಾಗಲೆಲ್ಲ ನಾಲ್ಕು ಬೆರಳಿನಿಂದ ಮೆಲ್ಲಗೆ ಒತ್ತಿ, ಬುಡ್ಡಿದೀಪದ ಬೆಳಕಿನಲ್ಲಿ ಕಣ್ಣು ಮುಚ್ಚಿಕೊಂಡೇ ಹೊಟ್ಟೆಯ ಮೇಲೆಲ್ಲ ಕೈಯಾಡಿಸಿದರು. ಕೊನೆಗೆ ಕಣ್ಣು ತೆರೆದು, ‘ಮಗು ಅಡ್ಡ ಮಲಗಿದೆ, ಇದು ನನ್ನ ಕೈ ಮೀರಿದ್ದು, ಗಾಡಿ ಕಟ್ಟಿ’ ಎಂದರು. ಆಸ್ಪತ್ರೆಯಲ್ಲಿ ಅವರನ್ನು ಬಾಗಿಲ ಹೊರಗೇ ನಿಲ್ಲಿಸಿದರು, ಅವರ ಮಾತನ್ನು ಯಾರೂ ಕೇಳಲಿಲ್ಲ. ಸುಮಾರು ಹೊತ್ತಿನ ಮೇಲೆ ಹೊರಬಂದ ವೈದ್ಯರು ‘ಮಗು ಅಡ್ಡವಾಗಿದೆ, ಆಪರೇಷನ್ ಆಗಬೇಕು’ ಎಂದರು. ತಂಗಿ ಉಳಿದಳು, ಅಮ್ಮ ಉಳಿದಳು. ಆಸ್ಪತ್ರೆಗೆ ನಾನು ಋಣಿ. ಗಾಡಿ ಕಟ್ಟಿ ಎಂದ ಆ ಬೆರಳುಗಳಿಗೂ ಅಷ್ಟೇ ಋಣಿ.

ನರಸಮ್ಮನವರೂ ಯಾವ ಉಪಕರಣವೂ ಇಲ್ಲದೆ ಹೊಟ್ಟೆ ಮುಟ್ಟಿಯೇ ಕೂಸಿನ ನಾಡಿ, ತಲೆಯ ದಿಕ್ಕು ಎರಡನ್ನೂ ತಿಳಿಯುತ್ತಿದ್ದರೆಂದು ಕಂಡವರು ಹೇಳುತ್ತಾರೆ. ಮತ್ತೆ ಅದನ್ನೇ ಹೇಳುತ್ತೇನೆ, ಇದು ವಿದ್ಯೆ.

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಆಸ್ಪತ್ರೆಯ ದಾರಿ ಹಿಡಿದದ್ದು ಒಳ್ಳೆಯದೇ ಆಯಿತು. ಆದರೆ ಸೂಲಗಿತ್ತಿಯರ ಕೆಲಸ ನಿಂತ ಮಾತ್ರಕ್ಕೆ ಅವರ ತಿಳಿವಳಿಕೆಯೂ ಅವರೊಂದಿಗೆ ಮಣ್ಣಾಗಬೇಕೇ? ನೋವಿನಲ್ಲಿರುವ ಹೆಂಗಸಿನ ಬಳಿ ರಾತ್ರಿಯಿಡೀ ಕೂರುವ ತಾಳ್ಮೆಯನ್ನಂತೂ ಇಂದಿನ ಹೆರಿಗೆ ವಾರ್ಡುಗಳು ಅವರಿಂದ ಕಲಿಯಬಹುದು.

ಬಾಣಂತನದ ಬಗ್ಗೆ, ‘ಸೂಲು’ ಎಂಬ ಪದದ ಬಗ್ಗೆ ಹೇಳಬೇಕೆಂದಿದ್ದೆ. ಅಧ್ಯಕ್ಷರು ಆಗಲೇ ಎರಡು ಬಾರಿ ಗಡಿಯಾರ ನೋಡಿದ್ದಾರೆ, ಅವು ಇನ್ನೊಮ್ಮೆ ಆಗಲಿ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಒಂದೇ ಕೋರಿಕೆ. ನಿಮ್ಮ ಹಳ್ಳಿಗಳಲ್ಲಿ ಈ ಕೆಲಸ ಮಾಡಿದ ಅಜ್ಜಿಯರು ಇನ್ನೂ ಇದ್ದಾರೆ. ಈ ವಾರವೇ ಒಂದು ನೋಟ್‌ಬುಕ್ ಹಿಡಿದು ಅವರ ಜಗಲಿಯ ಮೇಲೆ ಕೂತುಕೊಳ್ಳಿ. ಎಷ್ಟು ಹೆರಿಗೆ ಮಾಡಿಸಿದಿರಿ ಎಂದು ಕೇಳಬೇಡಿ. ಮೊದಲು ಎಲ್ಲಿ ಮುಟ್ಟಿ ನೋಡುತ್ತಿದ್ದಿರಿ, ಮಾಸು ಬೀಳುವುದು ತಡವಾದರೆ ಏನು ಮಾಡುತ್ತಿದ್ದಿರಿ, ಯಾವ ಹೊತ್ತಿಗೆ ಗಾಡಿ ಕಟ್ಟಿ ಎನ್ನುತ್ತಿದ್ದಿರಿ ಎಂದು ಕೇಳಿ. ಅವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಬರೆದುಕೊಳ್ಳಿ. ನರಸಮ್ಮನವರ ಮನೆಮಾತೂ ಅದೇ ಆಗಿತ್ತು.