ಹೊಸ ರೈಲು ಬಂತು, ನಮ್ಮೂರಲ್ಲಿ ನಿಲ್ಲಲಿಲ್ಲ

ಎಲ್ಲರಿಗೂ ನಮಸ್ಕಾರ. ವಾರದಲ್ಲಿ ನಮಗೆ ನೆಮ್ಮದಿಯಾಗಿ ಮಲಗೋಕೆ ಸಿಗುವುದು ಭಾನುವಾರ ಒಂದೇ. ಅದನ್ನೂ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಮುಂದಿನ ಸಾಲಿನಲ್ಲಿ ಕೂತಿರುವ ಅರ್ಧ ಮುಖಗಳು ನನಗೆ ರೈಲಿನಲ್ಲೇ ಪರಿಚಯ. ಹೆಸರು ಗೊತ್ತಿಲ್ಲ, ಯಾರು ಯಾವ ಸ್ಟೇಷನ್ನಿನಲ್ಲಿ ಹತ್ತುತ್ತಾರೆ ಅನ್ನುವುದು ಗೊತ್ತು.

ಕೆಜಿಎಫ್‌ನಲ್ಲಿ ಬೆಳಗಿನ ಜಾವ ಯಾರಾದರೂ "ಸ್ವರ್ಣ ಹೋಯ್ತಾ?" ಅಂತ ಕೇಳಿದರೆ ಅದು ಚಿನ್ನದ ಮಾತಲ್ಲ, ಬೆಂಗಳೂರಿಗೆ ಹೋಗುವ ರೈಲಿನ ಮಾತು. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್, ಬೆಮಲ್ ನಗರ, ಆಮೇಲೆ ಬಂಗಾರಪೇಟೆ. ಕತ್ತಲಲ್ಲೇ ಟಿಫಿನ್ ಡಬ್ಬಿ ಕಟ್ಟಿಕೊಂಡು ಈ ಸ್ಟೇಷನ್‌ಗಳಿಗೆ ನಡೆದು ಬರುವ ಜನರ ಬಗ್ಗೆ ನಾನು ಇವತ್ತು ಮಾತಾಡಬೇಕು. ಅವರಲ್ಲಿ ನಾನೂ ಒಬ್ಬ.

ಈ ರೈಲು ದಾರಿ ಹಳೆಯದು. ಬೆಂಗಳೂರು ದಂಡಿಗೆ, ಅಂದರೆ ಕಂಟೋನ್ಮೆಂಟ್‌ಗೆ, ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಬಂಗಾರಪೇಟೆಯಿಂದ ಗಣಿಗಳ ಕಡೆಗೆ ಒಂದು ಕವಲು ಹಾಕಿದ್ದು 1894ರಲ್ಲಿ. ಆಗ ಬಂಗಾರಪೇಟೆಯ ಹೆಸರು ಬೌರಿಂಗ್‌ಪೇಟೆ. ಗಣಿಗೆ ಬೇಕಾದ ಯಂತ್ರ, ಸಾಮಾನು, ಜನ ಎಲ್ಲ ಅದರಲ್ಲೇ ಬಂದರು. ಅಂದರೆ ರೈಲು ಊರಿಗೆ ಕೆಲಸ ತಂದಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತಿನಿಂದ ಅದೇ ರೈಲು ಊರಿನ ಜನರನ್ನು ಕೆಲಸಕ್ಕೆ ಹೊರಗೆ ಕರೆದುಕೊಂಡು ಹೋಗುತ್ತಿದೆ. ಅಪ್ಪಂದಿರು ಭೂಮಿಯೊಳಗೆ ಮೂರು ಕಿಲೋಮೀಟರ್ ಆಳದವರೆಗೆ ಇಳಿದು ದುಡಿದರು. ಮಕ್ಕಳು ದಿನಾ ಎಂಬತ್ತು ಚಿಲ್ಲರೆ ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸ್ ಬರುತ್ತಾರೆ. ಊರು ಬಿಟ್ಟು ಹೋಗಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಬೆಂಗಳೂರಿನ ಬಾಡಿಗೆ ಎಷ್ಟು ಅಂತ ಅವರಿಗೂ ಗೊತ್ತು. ಕೆಜಿಎಫ್‌ನಲ್ಲಿ ಮನೆ, ಬೆಂಗಳೂರಿನಲ್ಲಿ ಸಂಬಳ: ಇವೆರಡನ್ನೂ ಜೋಡಿಸಿ ಹಿಡಿದಿರುವುದು ಒಂದು ತುಂಡು ಕಾಗದ. ಅದೇ ಪಾಸು.

ಪಾಸಿನ ಲೆಕ್ಕ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ನಮ್ಮ ದೇಶದ ಒಳ್ಳೆಯ ಏರ್ಪಾಟುಗಳಲ್ಲಿ ಒಂದು ಅಂತ ನಾನು ನಂಬುತ್ತೇನೆ. ಎರಡನೇ ದರ್ಜೆಯ ತಿಂಗಳ ಪಾಸಿಗೆ ಹೆಚ್ಚು ಕಡಿಮೆ ಹದಿನೈದು ಸಲ ಒಂದು ಬದಿ ಹೋಗುವ ದುಡ್ಡು ಹಿಡಿಯುತ್ತಾರೆ. ತಿಂಗಳಿಗೆ 26 ದಿನ ಕೆಲಸಕ್ಕೆ ಹೋಗುವವರು ಹೋಗಿ ಬರುವುದು 52 ಸಲ. 52 ಸಲದ ಓಡಾಟಕ್ಕೆ 15 ಸಲದ ದುಡ್ಡು. ಮೂರು ತಿಂಗಳ ಪಾಸು ತೆಗೆದರೆ ಇನ್ನೂ ಸ್ವಲ್ಪ ಉಳಿಯುತ್ತದೆ. ಇದರ ಮೇಲೆ ಸಾವಿರಾರು ಮನೆಗಳು ನಿಂತಿವೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಸೆಕ್ಯೂರಿಟಿ ಕೆಲಸದವರು, ಆಸ್ಪತ್ರೆಯ ವಾರ್ಡಿನಲ್ಲಿ ದುಡಿಯುವವರು, ವೈಟ್‌ಫೀಲ್ಡ್‌ನ ದೊಡ್ಡ ಕಟ್ಟಡಗಳನ್ನು ಗುಡಿಸಿ ಒರೆಸುವವರು, ಅದೇ ಕಟ್ಟಡಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವವರು, ಎಲ್ಲರೂ ಒಂದೇ ಬೋಗಿಯಲ್ಲಿ.

ಈಗ ಹೊಸ ರೈಲಿನ ವಿಷಯ. 2022ರ ನವೆಂಬರ್ 11ರಂದು ಮೈಸೂರು–ಚೆನ್ನೈ ವಂದೇ ಭಾರತ್ ಶುರುವಾಯಿತು. ದಕ್ಷಿಣ ಭಾರತಕ್ಕೆ ಅದೇ ಮೊದಲನೆಯದು. ಆಮೇಲೆ ಧಾರವಾಡಕ್ಕೆ ಬಂತು, ಕಲಬುರಗಿಗೆ ಬಂತು, 2025ರ ಆಗಸ್ಟ್‌ನಲ್ಲಿ ಬೆಳಗಾವಿಗೂ ಬಂತು. ನನಗೆ ಈ ರೈಲುಗಳ ಮೇಲೆ ಸಿಟ್ಟಿಲ್ಲ. ಕಲಬುರಗಿಯವರು, ಬೆಳಗಾವಿಯವರು ರಾಜಧಾನಿಗೆ ಬರೋಕೆ ಪಡುವ ಪಾಡು ನೋಡಿದರೆ ಅವರಿಗೆ ಇಂಥ ರೈಲು ಬೇಕೇ ಬೇಕು. ಚೆನ್ನೈ ರೈಲು ಓಡುವುದು ಮಾತ್ರ ನಮ್ಮ ಹಳಿಯ ಮೇಲೆ, ನಮ್ಮ ಬಂಗಾರಪೇಟೆಯ ಮೂಲಕ. ಅದನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ತ್ಯಾಕಲ್‌ನಲ್ಲಿ. ನಮ್ಮ ರೈಲನ್ನು ಬದಿಯ ಲೈನಿಗೆ ಹಾಕಿ ನಿಲ್ಲಿಸಿದ್ದರು. ಬಾಗಿಲಲ್ಲಿ ಕೂತಿದ್ದ ಒಬ್ಬ ಅಕ್ಕ ಮಡಿಲಲ್ಲಿ ಸೊಪ್ಪು ಹಾಕಿಕೊಂಡು ಬಿಡಿಸುತ್ತಿದ್ದರು. ಬಿಳಿ ರೈಲು ಸರ್ರನೆ ಹೋಯಿತು. ಅದರ ಗಾಳಿಗೆ ಸೊಪ್ಪಿನ ಎಲೆಗಳು ಬೋಗಿಯ ತುಂಬಾ ಹಾರಿದವು. ಅಕ್ಕ ಮಾತಾಡಲಿಲ್ಲ, ಎದ್ದು ಒಂದೊಂದೇ ಎಲೆ ಆರಿಸಿಕೊಂಡರು. ನಾವೂ ಆರಿಸಿ ಕೊಟ್ಟೆವು. ಹೊರಡುವಾಗ ಎಲ್ಲರೂ ಗಡಿಯಾರ ನೋಡಿಕೊಂಡರು. ಲೇಟಾಗಿ ಹೋದರೆ ಕೆಲವು ಕಡೆ ಅರ್ಧ ದಿನದ ಸಂಬಳ ಹೋಗುತ್ತದೆ.

ಆ ಬಿಳಿ ರೈಲಿನಲ್ಲಿ 16 ಬೋಗಿ, 1128 ಸೀಟು. ಜನರಲ್ ಬೋಗಿ ಒಂದೂ ಇಲ್ಲ. ಪಾಸು ನಡೆಯುವುದಿಲ್ಲ. ಪಕ್ಕದೂರಿನವರಿಗೆ ಅದು ಹತ್ತುವ ರೈಲೇ ಅಲ್ಲ, ದಾರಿ ಬಿಡಬೇಕಾದ ರೈಲು.

ನಮ್ಮಂಥ ಹತ್ತಿರದ ಪ್ರಯಾಣಿಕರಿಗೆ ರೈಲಿನ ದರ ಏರಿಲ್ಲ ಅಂತ ಹೇಳುತ್ತಾರೆ. ಅದು ಸುಳ್ಳಲ್ಲ. 2025ರ ಜುಲೈ 1ರಂದು ದರ ಏರಿಸಿದಾಗ ಸಾಮಾನ್ಯ ಎರಡನೇ ದರ್ಜೆಗೆ 500 ಕಿಲೋಮೀಟರ್‌ವರೆಗೆ ಕೈ ಹಾಕಲಿಲ್ಲ. ಎಕ್ಸ್‌ಪ್ರೆಸ್‌ನ ಎಸಿ ಇಲ್ಲದ ಬೋಗಿಗಳಿಗೆ ಕಿಲೋಮೀಟರಿಗೆ ಒಂದು ಪೈಸೆ ಏರಿತು. ಅದೇ ಡಿಸೆಂಬರ್ 26ಕ್ಕೆ ಇನ್ನೊಂದು ಸಲ ಏರಿಸಿದಾಗಲೂ ಸಾಮಾನ್ಯ ದರ್ಜೆಗೆ 215 ಕಿಲೋಮೀಟರ್‌ವರೆಗೆ ಬಿಟ್ಟರು. ಎರಡು ಸಲವೂ ಪಾಸನ್ನು ಮುಟ್ಟಲಿಲ್ಲ. ಇದನ್ನು ನಾವು ಒಪ್ಪಿಕೊಳ್ಳಬೇಕು, ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು.

ಹಾಗಾದರೆ ನಮ್ಮ ಖರ್ಚು ಯಾಕೆ ಜಾಸ್ತಿಯಾಗಿದೆ? ದರದ ಪಟ್ಟಿ ಬದಲಾಗದೆಯೂ ಟಿಕೆಟ್ ದುಬಾರಿಯಾಗಬಹುದು. ಕೊರೊನಾ ಕಾಲ ನೆನಪಿದೆ ಅಲ್ವಾ? 2020ರ ಮಾರ್ಚ್‌ನಲ್ಲಿ ರೈಲು ನಿಂತವು. ಮತ್ತೆ ಬಿಟ್ಟಾಗ ನಮ್ಮ ಪ್ಯಾಸೆಂಜರ್ ರೈಲುಗಳ ನಂಬರಿನ ಮುಂದೆ ಒಂದು ಸೊನ್ನೆ ಬಂತು. "ಸ್ಪೆಷಲ್" ಅಂದರು. ಅದೇ ಡಬ್ಬಿ, ಅದೇ ವೇಗ, ಅದೇ ಸ್ಟೇಷನ್‌ಗಳು, ದರ ಮಾತ್ರ ಎಕ್ಸ್‌ಪ್ರೆಸ್‌ದು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದದ್ದು 30 ಆಯಿತು. ಮಾಲೂರಿನಿಂದ ವೈಟ್‌ಫೀಲ್ಡ್‌ಗೆ ಹೂವು ತೆಗೆದುಕೊಂಡು ಹೋಗುವ ಹೆಂಗಸು 10 ರೂಪಾಯಿ ಕೊಡುತ್ತಿದ್ದವಳು 30 ಕೊಟ್ಟಳು. ಹೋಗಿ ಬರೋಕೆ 60. ಮಾರುವುದೇ ಒಂದು ಬುಟ್ಟಿ ಹೂವು. ಮತ್ತೆ 10 ರೂಪಾಯಿಗೆ ಇಳಿದದ್ದು 2024ರ ಫೆಬ್ರವರಿ ಕೊನೆಗೆ. ಅಷ್ಟು ವರ್ಷ ಮೂರು ಪಟ್ಟು ದುಡ್ಡು ಕೊಟ್ಟವರಿಗೆ "ದರ ಏರಿಲ್ಲ" ಅಂದರೆ ಏನು ಹೇಳಬೇಕು? ಹೆಸರು ಬದಲಾಯಿಸಿದ್ದರು, ಅಷ್ಟೇ.

ಆಗ ನಿಂತದ್ದರಲ್ಲಿ ಇನ್ನೊಂದು ವಾಪಸ್ ಬರಲೇ ಇಲ್ಲ. ಹಿರಿಯರಿಗೆ ಇದ್ದ ರಿಯಾಯಿತಿ. 60 ದಾಟಿದ ಗಂಡಸರಿಗೆ ನೂರಕ್ಕೆ 40, 58 ದಾಟಿದ ಹೆಂಗಸರಿಗೆ ನೂರಕ್ಕೆ 50. ಬೆಂಗಳೂರಿನ ಆಸ್ಪತ್ರೆಗಳಿಗೆ ತಿಂಗಳು ತಿಂಗಳು ಹೋಗುವ ನಮ್ಮ ಹಿರಿಯರು ಇದನ್ನು ಇನ್ನೂ ಕೇಳುತ್ತಲೇ ಇದ್ದಾರೆ.

ಕೊನೆಯ ಹತ್ತು ಕಿಲೋಮೀಟರ್ ಬಗ್ಗೆಯೂ ಹೇಳಬೇಕು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡ್‌ನಿಂದ ನಗರದೊಳಕ್ಕೆ ಪೂರ್ತಿ ಓಡತೊಡಗಿತು. ನಮ್ಮವರು ಎಷ್ಟೋ ಜನ ವೈಟ್‌ಫೀಲ್ಡ್‌ನಲ್ಲಿ ಇಳಿದು ಮೆಟ್ರೋ ಹತ್ತುತ್ತಾರೆ. ಟ್ರಾಫಿಕ್ಕಿನಲ್ಲಿ ಸಾಯುವುದು ತಪ್ಪಿತು, ನಿಜ. 2025ರ ಫೆಬ್ರವರಿ 9ಕ್ಕೆ ಮೆಟ್ರೋ ದರ ಏರಿತು. ಗರಿಷ್ಠ 60 ಇದ್ದದ್ದು 90 ಆಯಿತು. ಒಂದು ಬದಿಗೆ ಸುಮ್ನೆ 30 ರೂಪಾಯಿ ಅಂತಿಟ್ಟುಕೊಳ್ಳಿ. ತಿಂಗಳಿಗೆ 52 ಸಲ ಅಂದರೆ 1560 ರೂಪಾಯಿ. ಕೆಜಿಎಫ್‌ನಿಂದ ವೈಟ್‌ಫೀಲ್ಡ್‌ವರೆಗಿನ ರೈಲು ಪಾಸಿಗಿಂತ, ಅಲ್ಲಿಂದ ನಾಲ್ಕಾರು ಸ್ಟೇಷನ್ ಆಚೆ ಹೋಗುವ ಖರ್ಚೇ ಜಾಸ್ತಿ. ಎರಡಕ್ಕೂ ಸೇರಿ ಒಂದು ಪಾಸು ಮಾಡಿದರೆ ಎಷ್ಟು ಮನೆಗಳಿಗೆ ಉಸಿರು ಬಂದಂತಾಗುತ್ತದೆ, ಯೋಚಿಸಿ.

ರೈಲ್ವೆಯವರ ಮಾತನ್ನೂ ಕೇಳೋಣ. ಪ್ರಯಾಣಿಕರ ಪ್ರತಿ 100 ರೂಪಾಯಿ ಸೇವೆಗೆ 54 ರೂಪಾಯಿ ಮಾತ್ರ ತೆಗೆದುಕೊಳ್ಳುತ್ತೇವೆ, ಉಳಿದ 46 ನಾವೇ ಹೊರುತ್ತೇವೆ ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳಿದೆ. ಇರಲಿ, ಆ ಭಾರ ದೊಡ್ಡದೇ. ಆದರೆ ನನ್ನ ಲೆಕ್ಕ ಬೇರೆ. ಕೆಜಿಎಫ್‌ನ ಪಾಸು ಹೋದರೆ ಇಲ್ಲಿಂದ ದಿನಾ ಕೆಲಸಕ್ಕೆ ಹೋಗುವ ಹೆಣ್ಣುಮಗಳು ಬೆಂಗಳೂರಿಗೆ ಹೋಗಿ ಗುಡಿಸಲಿನಲ್ಲಿ ಇರಬೇಕು, ಇಲ್ಲ ಕೆಲಸ ಬಿಡಬೇಕು. ಆಗ ಅವಳಿಲ್ಲದೆ ನಡೆಯದ ಆ ಕಾರ್ಖಾನೆಗೆ, ಆ ಆಸ್ಪತ್ರೆಗೆ, ಆ ಊರಿಗೆ ಆಗುವ ನಷ್ಟವನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ?

2009ರಲ್ಲಿ "ಇಜ್ಜತ್" ಪಾಸು ಅಂತ ತಂದರು. ಅಸಂಘಟಿತ ಕೆಲಸಗಾರರಿಗೆ ತಿಂಗಳಿಗೆ 25 ರೂಪಾಯಿ. ಒಳ್ಳೆಯ ಮನಸ್ಸಿನಿಂದ ತಂದದ್ದು. ಆದರೆ ತಿಂಗಳ ಆದಾಯ 1500 ರೂಪಾಯಿ ದಾಟಬಾರದು ಅಂತ ಷರತ್ತು. ಇವತ್ತು 1500ಕ್ಕೆ ಯಾರು ತಿಂಗಳಿಡೀ ದುಡಿಯುತ್ತಾರೆ? ಮಿತಿ ಏರಿಸದೆ ಬಿಟ್ಟರೆ ಯೋಜನೆ ಕಾಗದದ ಮೇಲೆ ಬದುಕಿರುತ್ತದೆ, ಕೌಂಟರಿನಲ್ಲಿ ಸತ್ತಿರುತ್ತದೆ.

ಜಾಸ್ತಿ ರೈಲು ಬಿಡಿ ಅಂದರೆ "ಹಳಿ ಖಾಲಿ ಇಲ್ಲ" ಅನ್ನುತ್ತಾರೆ. ಅದೂ ಅರ್ಧ ನಿಜವೇ. ಚೆನ್ನೈ ಕಡೆಯ ಎಕ್ಸ್‌ಪ್ರೆಸ್, ಗೂಡ್ಸ್, ಹತ್ತಿರದೂರುಗಳಿಗೆ ಓಡುವ ಮೆಮು ಅನ್ನುವ ವಿದ್ಯುತ್ ರೈಲು ಎಲ್ಲವೂ ಹೋಗಲು ಒಂದು, ಬರಲು ಒಂದು ಹಳಿಯ ಮೇಲೇ ಓಡಬೇಕು. ಒಂದೇ ಹಳಿಯಲ್ಲಿ ಬೇಗ ಹೋಗುವ ರೈಲು ಹಿಂದಿನಿಂದ ಬಂದರೆ, ನಿಧಾನದ್ದು ಬದಿಗೆ ಸರಿಯಲೇಬೇಕು. ಅದಕ್ಕೇ ಕಂಟೋನ್ಮೆಂಟ್‌ನಿಂದ ವೈಟ್‌ಫೀಲ್ಡ್‌ವರೆಗೆ ನಾಲ್ಕು ಹಳಿ ಮಾಡುವ ಕೆಲಸ ಹಿಡಿದಿದ್ದಾರೆ. ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದರು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚಂದದ ಹೆಸರಿನ ನಾಲ್ಕು ದಾರಿ, ಒಟ್ಟು 148 ಕಿಲೋಮೀಟರ್. ಪಾರಿಜಾತ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ಗೆ ನಿಲ್ಲುತ್ತದೆ. ನಮ್ಮ ಜನ ಇರುವುದು ಅದರಾಚೆ, ದೇವನಗೊಂದಿ, ಮಾಲೂರು, ತ್ಯಾಕಲ್, ಬಂಗಾರಪೇಟೆಯಲ್ಲಿ.

2025ರಲ್ಲಿ 16 ಮತ್ತು 20 ಬೋಗಿಯ ನೂರು ಹೊಸ ಮೆಮು ರೈಲು ಮಾಡುತ್ತೇವೆ ಅಂತ ರೈಲ್ವೆ ಸಚಿವರು ಹೇಳಿದ್ದಾರೆ. ನನ್ನ ಕಣ್ಣಿಗೆ ಅದೇ ನಿಜವಾದ ಹೊಸ ರೈಲು. ಅದರಲ್ಲಿ ಒಂದಾದರೂ ಮಾರಿಕುಪ್ಪಂಗೆ ಬರಬೇಕು. ಬೆಳಗ್ಗೆ ಮಾರಿಕುಪ್ಪಂನಿಂದ, ಸಂಜೆ ಬೆಂಗಳೂರಿನಿಂದ. ಹತ್ತು ರೂಪಾಯಿ ಟಿಕೆಟಿಗೆ, ಪಾಸಿಗೆ ಜಾಗ ಇರುವ ರೈಲು. ಸಂಜೆ ಹೊತ್ತು ಅದನ್ನು ಬದಿಗೆ ನಿಲ್ಲಿಸಬಾರದು.

ಹೊರಗೆ ಮೇಜಿನ ಮೇಲೆ ಅರ್ಜಿ ಇಟ್ಟಿದ್ದೇವೆ. ಬರೀ ಸಹಿ ಹಾಕಿ ಹೋಗಬೇಡಿ. ಸಹಿಯ ಪಕ್ಕ ಮೂರು ಖಾನೆ ಇವೆ. ಹತ್ತುವ ಸ್ಟೇಷನ್, ಇಳಿಯುವ ಸ್ಟೇಷನ್, ಕೆಲಸ ಶುರುವಾಗುವ ಹೊತ್ತು. ಅವನ್ನು ತುಂಬಿಸಿ. ಪೆನ್ನು ಕಡಿಮೆ ಇವೆ, ಬರೆದಾದ ಮೇಲೆ ಪಕ್ಕದವರಿಗೆ ಕೊಡಿ. ಬರೆಯೋಕೆ ಬಾರದ ಅಮ್ಮಂದಿರು ಇದ್ದರೆ ಕಾಲೇಜು ಹುಡುಗರು ಅವರ ಪಕ್ಕ ಕೂತು ಬರೆದುಕೊಡಿ. ನಾಳೆ ಬೆಳಗ್ಗೆ ಇನ್ನಷ್ಟು ಹಾಳೆ ನನ್ನ ಕೈಚೀಲದಲ್ಲಿ ಇರುತ್ತವೆ, ಸ್ವರ್ಣದ ಮೂರನೇ ಬೋಗಿಯಲ್ಲಿ.