ಒಂದು ಹಿಟ್‌ನ ಹಿಂದೆ ನಿಂತ ಹನ್ನೊಂದು ಹಾಡು

ನಮಸ್ಕಾರ. ಇವತ್ತು ದಿ ಜೋಂಬೀಸ್ ಬಗ್ಗೆ ಮಾತಾಡೋಣ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಎಂಬ ಊರಿನ ಐದು ಹುಡುಗರ ಬ್ಯಾಂಡ್. ಅವರ 'ಒಡೆಸ್ಸಿ ಅಂಡ್ ಒರಾಕಲ್' ಆಲ್ಬಮ್ ಬಗ್ಗೆ ಯಾರು ಮಾತೆತ್ತಿದರೂ 'ಟೈಮ್ ಆಫ್ ದ ಸೀಸನ್' ಹಾಡಿಗೇ ಬಂದು ನಿಲ್ಲುತ್ತಾರೆ. ಒಳ್ಳೆಯ ಹಾಡು, ನಿಜ. ಆದರೆ ಅದು ಹನ್ನೆರಡನೆಯದು, ಕೊನೆಯದು. ಅದೊಂದನ್ನೇ ಕೇಳಿ ಎದ್ದರೆ ಊಟ ಬಿಟ್ಟು ಎಲೆಅಡಿಕೆ ಮಾತ್ರ ಹಾಕಿಕೊಂಡ ಹಾಗೆ.

ಮೊದಲ ಹಾಡು 'ಕೇರ್ ಆಫ್ ಸೆಲ್ 44' ಹಾಕಿ ನೋಡಿ. ಪಿಯಾನೋ ಕುಣಿದುಕೊಂಡು ಬರುತ್ತದೆ. ಕಾಲಿನ್ ಬ್ಲನ್‌ಸ್ಟೋನ್ ಉಸಿರು ಬಿಟ್ಟಷ್ಟೇ ಮೆತ್ತಗೆ ಹಾಡುತ್ತಾರೆ. ಪ್ರೇಮಪತ್ರ ಅಂದುಕೊಳ್ಳುತ್ತೀರಿ. ಹೌದು, ಪ್ರೇಮಪತ್ರವೇ. ಆದರೆ ಅದು ಹೋಗುತ್ತಿರುವುದು ಜೈಲಿಗೆ! ಅವಳ ಬಿಡುಗಡೆ ಹತ್ತಿರ ಬಂದಿದೆ. ಅವಳು ಇರುತ್ತಿದ್ದ, ಬಿಸಿಲು ಬೀಳುವ ಕೋಣೆಯನ್ನು ಅವನು ಹಾಗೇ ಕಾದಿಟ್ಟಿದ್ದಾನೆ. ಅವಳು ಏನು ತಪ್ಪು ಮಾಡಿದ್ದಳು? ಹಾಡು ಹೇಳುವುದಿಲ್ಲ. ಕಾಯುತ್ತಿರುವವನಿಗೆ ಅದು ಬೇಕಾಗಿಯೂ ಇಲ್ಲ. ಇಷ್ಟು ದೊಡ್ಡ ಮನಸ್ಸಿನ ಪಾಪ್ ಹಾಡು ನಾನು ಬೇರೆ ಕೇಳಿಲ್ಲ.

ಇದೇ ಆಲ್ಬಮ್‌ನಲ್ಲಿ ಮೊದಲ ಮಹಾಯುದ್ಧದ ಹಾಡೂ ಇದೆ. ಸೈನಿಕನಾಗಿ ಹೋದ ಒಬ್ಬ ಕಟುಕನ ಕೈ ನಡುಗುತ್ತಿದೆ, ನಿಲ್ಲುತ್ತಿಲ್ಲ. ಬೇಸ್ ನುಡಿಸುವ ಕ್ರಿಸ್ ವೈಟ್ ತಾವೇ ಹಾಡಿದ್ದಾರೆ. ಹಿಂದೆ ಕಾಲಲ್ಲಿ ಒತ್ತಿ ನುಡಿಸುವ ಆರ್ಗನ್. ನಮ್ಮ ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಇತ್ತಲ್ಲ, ಅದೇ ಜಾತಿಯದು. ಆ ದನಿ ಕೇಳಿದರೆ ಎದೆ ಹಿಂಡುತ್ತದೆ.

ಇದನ್ನೆಲ್ಲ ಅವರು ಮಾಡಿದ್ದು ಬರೀ 1000 ಪೌಂಡ್‌ನಲ್ಲಿ. 1967ರ ಜೂನ್‌ನಲ್ಲಿ ಅಬ್ಬೇ ರೋಡ್ ಸ್ಟುಡಿಯೋಗೆ ಹೋದಾಗ ಬೀಟಲ್ಸ್ ಆಗಷ್ಟೇ ತಮ್ಮ ಕೆಲಸ ಮುಗಿಸಿದ್ದರು. ಅಲ್ಲೇ ಉಳಿದಿದ್ದ ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದಿಟ್ಟ ವಾದ್ಯಗಳ ದನಿಯನ್ನು ಕೀಲಿ ಒತ್ತಿ ನುಡಿಸುವ ಕೀಬೋರ್ಡ್) ಇವರ ಕೈಗೆ ಸಿಕ್ಕಿತು. ಸಮಯ ಕಮ್ಮಿ, ಅದಕ್ಕೇ ಮೊದಲೇ ಚೆನ್ನಾಗಿ ತಾಲೀಮು ಮಾಡಿಕೊಂಡು ಹೋಗುತ್ತಿದ್ದರು. ಒಂದು ಸ್ವರವೂ ಜಾಸ್ತಿ ಅನಿಸದಿರುವುದು ಸುಮ್ನೆ ಅಲ್ಲ. ಕೊನೆಗೆ ಸ್ಟೀರಿಯೋ ಮಿಕ್ಸ್‌ಗೆ, ಅಂದರೆ ದನಿಯನ್ನು ಎರಡು ಸ್ಪೀಕರಿಗೆ ಹಂಚುವ ಕೆಲಸಕ್ಕೆ, ದುಡ್ಡು ಉಳಿಯಲಿಲ್ಲ. ಹಾಡು ಬರೆಯುತ್ತಿದ್ದ ರಾಡ್ ಆರ್ಜೆಂಟ್ ಮತ್ತು ವೈಟ್ ತಮ್ಮ ಜೇಬಿನಿಂದ ಕೊಟ್ಟರು.

1968ರ ಏಪ್ರಿಲ್‌ನಲ್ಲಿ ಆಲ್ಬಮ್ ಬಂತು. ಅಷ್ಟರಲ್ಲಿ ಬ್ಯಾಂಡೇ ಒಡೆದಿತ್ತು. ಬ್ಲನ್‌ಸ್ಟೋನ್ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. 1969ರಲ್ಲಿ ಆ ಕೊನೆಯ ಹಾಡು ಅಮೆರಿಕದಲ್ಲಿ 3ನೇ ಸ್ಥಾನಕ್ಕೆ ಏರಿದಾಗ ವೇದಿಕೆ ಹತ್ತಲು ಬ್ಯಾಂಡ್ ಇರಲಿಲ್ಲ.

ಈ ಕಥೆಗೆ ಮರುಗಿ ಆಲ್ಬಮ್ಮನ್ನು ಪ್ರೀತಿಸುವವರು ತುಂಬಾ ಜನ. ನನಗೆ ಅದು ಸರಿ ಅನಿಸುವುದಿಲ್ಲ. ಕಥೆ ಗೊತ್ತಿಲ್ಲದವರನ್ನೂ ಹಿಡಿದು ನಿಲ್ಲಿಸುವ ರಾಗಗಳು ಇವು, ಅಲ್ವಾ?

2008ರಲ್ಲಿ, ನಲವತ್ತು ವರ್ಷದ ಮೇಲೆ, ಐವರಲ್ಲಿ ಬದುಕಿದ್ದ ನಾಲ್ವರು ಲಂಡನ್ನಿನಲ್ಲಿ ಇಡೀ ಆಲ್ಬಮ್ಮನ್ನು ವೇದಿಕೆಯಲ್ಲಿ ನುಡಿಸಿದರು. ಜೈಲಿಗೆ ಬರೆದ ಪತ್ರದಿಂದಲೇ ಶುರು ಮಾಡಿದರು. ಹಿಟ್ ಹಾಡು ಕೊನೆಗೇ ಬಂತು.