ಬಿಸಿಲಿನ ಲೆಕ್ಕ ಒಪ್ಪಿಸುವ ದಿನ

ಈಗ ನೀವು ನೋಡುತ್ತಿರುವ, ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದಾದ ಈ ಕ್ವಾರ್ಟ್ಜ್ ಗುಮ್ಮಟವು ಕಳೆದ ಮೂರು ವಾರಗಳಿಂದ ಈ ಛಾವಣಿಯ ಮೇಲೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಬಿಸಿಲನ್ನು ಎಣಿಸುತ್ತಾ ಕುಳಿತಿದೆ. ಇದರೊಳಗೆ ಬಂದ ಬೆಳಕು ತೆಳುವಾದ ಆಪ್ಟಿಕಲ್ ಫೈಬರ್ ಮೂಲಕ ಕೆಳಗಿನ ಕೋಣೆಯ ರೋಹಿತಮಾಪಕಕ್ಕೆ ಇಳಿಯುತ್ತದೆ. ಅಲ್ಲಿ 280ರಿಂದ 420 ನ್ಯಾನೊಮೀಟರ್‌ವರೆಗಿನ ತರಂಗಾಂತರಗಳಾಗಿ ಬಿಡಿಸಿಕೊಂಡು, ಯಾವ ತರಂಗಾಂತರದಲ್ಲಿ ಎಷ್ಟು ಫೋಟಾನುಗಳು (ಬೆಳಕಿನ ಕಣಗಳು) ಬಂದವೆಂಬ ಅಂಕಿಯಾಗುತ್ತದೆ. ನಮ್ಮ ಗುಮ್ಮಟದ ಅಕ್ಕಪಕ್ಕದಲ್ಲಿ ಇನ್ನೂ ನಾಲ್ಕು ತಂಡಗಳ ಉಪಕರಣಗಳಿವೆ. ಎಲ್ಲರೂ ಅಳೆದದ್ದು ಒಂದೇ ಆಕಾಶವನ್ನು, ಒಂದೇ ದಿನಗಳಂದು. ಆ ಅಳತೆಗಳನ್ನು ಒಪ್ಪಿಸಲು ಇಂದು ಕೊನೆಯ ದಿನ.

ಬಿಸಿಲನ್ನು ಇಷ್ಟು ಬಿಡಿಸಿ ಎಣಿಸುವ ಅಗತ್ಯವೇನೆಂದು ಹಿಂದಿನ ವಿಡಿಯೊ ನೋಡಿದ ಹಲವರು ಕೇಳಿದ್ದಿರಿ. ಗಾಳಿಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅಣುವಿಗೆ ಸುಮಾರು 420 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಫೋಟಾನು ತಾಗಿದರೆ ಅದು ನೈಟ್ರಿಕ್ ಆಕ್ಸೈಡ್ ಆಗಿಯೂ ಒಂಟಿ ಆಕ್ಸಿಜನ್ ಪರಮಾಣುವಾಗಿಯೂ ಒಡೆಯುತ್ತದೆ. ಆ ಒಂಟಿ ಪರಮಾಣು ಆಕ್ಸಿಜನ್ ಅಣುವೊಂದನ್ನು ಸೇರಿ ಓಝೋನ್ ಆಗುತ್ತದೆ. ನೆಲಮಟ್ಟದ ಓಝೋನ್ ಹುಟ್ಟುವ ದಾರಿ ಇದು. ಆ ಓಝೋನ್ ಅಣುವಿಗೆ ಇನ್ನೂ ಕಡಿಮೆ ತರಂಗಾಂತರದ ನೇರಳಾತೀತ ಫೋಟಾನು ಬಡಿದಾಗ ಹೊರಬರುವ, ಹೆಚ್ಚು ಶಕ್ತಿ ತುಂಬಿದ ಆಕ್ಸಿಜನ್ ಪರಮಾಣುವು ನೀರಾವಿಯ ಅಣುವನ್ನು ಸಂಧಿಸಿದರೆ, ಸಿಕ್ಕ ಅಣುವಿನೊಡನೆ ತಟ್ಟನೆ ಕ್ರಿಯೆಗಿಳಿಯುವ ಎರಡು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಹೆಚ್ಚೆಂದರೆ ಒಂದೆರಡು ಸೆಕೆಂಡು ಬಾಳುವ ಈ ರ‍್ಯಾಡಿಕಲ್ಲೇ ಮೀಥೇನ್, ಕಾರ್ಬನ್ ಮಾನಾಕ್ಸೈಡ್ ಮುಂತಾದ ಅನಿಲಗಳನ್ನು ಗಾಳಿಯಿಂದ ತೊಳೆದುಹಾಕುತ್ತದೆ. ಕೆಳ ವಾತಾವರಣದಲ್ಲಿ ಈ ಕ್ರಿಯೆ ನಡೆಯುತ್ತದೆಂಬ ವಾದವನ್ನು 1971ರಲ್ಲಿ ವಿಜ್ಞಾನಿ ಹೈರಮ್ ಲೆವಿ ಮುಂದಿಟ್ಟರು. ಅಂದಿನಿಂದ ಗಾಳಿಯ ರಸಾಯನವನ್ನು ಲೆಕ್ಕ ಹಾಕುವ ಯಾರಿಗಾದರೂ ಮೊದಲು ಬೇಕಾಗುವುದು, ಈ ಅಣುಗಳು ಬಿಸಿಲಿನಲ್ಲಿ ಎಷ್ಟು ಬೇಗ ಒಡೆಯುತ್ತವೆ ಎಂಬ ದರ. ನಮ್ಮವರು ಅದನ್ನು ಚಿಕ್ಕದಾಗಿ 'ಜೆ' ಎನ್ನುತ್ತಾರೆ. ಮೋಡವಿಲ್ಲದ ದಿನದ ನಡುಹಗಲಿನಲ್ಲಿ ನೈಟ್ರೋಜನ್ ಡೈಆಕ್ಸೈಡ್ ಅಣುವೊಂದು ಸರಾಸರಿ ಎರಡು ನಿಮಿಷದಷ್ಟು ಮಾತ್ರ ಉಳಿದೀತು. ಅದೇ ಬಿಸಿಲಿನಲ್ಲಿ ಓಝೋನ್ ಅಣು ನಾನು ಹೇಳಿದ ದಾರಿಯಲ್ಲಿ ಒಡೆಯಲು ಹಲವು ಗಂಟೆಗಳು ಬೇಕು.

ಸಾಮಾನ್ಯ ಬಿಸಿಲುಮಾಪಕದ ಫಲಕ ಚಪ್ಪಟೆಯಾದದ್ದು. ಓರೆಯಾಗಿ ಬೀಳುವ ಕಿರಣಕ್ಕೆ ಅದು ಕಡಿಮೆ ಬೆಲೆ ಕೊಡುತ್ತದೆ. ಅಣುವಿಗೆ ಮೇಲು ಕೆಳಗೆಂಬುದಿಲ್ಲ. ಫೋಟಾನು ನೆತ್ತಿಯಿಂದ ಬಂದರೂ ದಿಗಂತದಿಂದ ಬಂದರೂ ಅದಕ್ಕೆ ಒಂದೇ. ನಮ್ಮ ಗುಮ್ಮಟದ ಆಕಾರಕ್ಕೆ ಕಾರಣ ಇದೇ: ಎಲ್ಲ ದಿಕ್ಕಿನ ಬೆಳಕನ್ನೂ ಸಮನಾಗಿ ಸ್ವೀಕರಿಸಬೇಕು. ಆ ಸಮತೆ ನಿಜವಾಗಿ ಎಷ್ಟರಮಟ್ಟಿಗಿದೆಯೆಂದು ಕತ್ತಲೆ ಕೋಣೆಯಲ್ಲಿ ಕೋನ ಕೋನಕ್ಕೂ ಅಳೆದ ಪಟ್ಟಿಯನ್ನು ಕೂಡ ನಾವು ಇಂದು ಒಪ್ಪಿಸುತ್ತಿದ್ದೇವೆ.

ಈ ಬಗೆಯ ಹೋಲಿಕೆ ಹೊಸದೇನಲ್ಲ. 1998ರ ಜೂನ್‌ನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಬಳಿ ಹಲವು ದೇಶಗಳ ತಂಡಗಳು ತಮ್ಮ ಉಪಕರಣಗಳನ್ನು ಒಂದೆಡೆ ತಂದಿಟ್ಟು ಅಳೆದವು. ಗಣಕ ಮಾದರಿಗಳನ್ನು ಕಟ್ಟುವವರು ಅದೇ ದಿನಗಳ ದರಗಳನ್ನು ಲೆಕ್ಕ ಹಾಕಿ ಒಪ್ಪಿಸಿದರು. ಒಬ್ಬರ ಅಂಕಿಗಳನ್ನು ಇನ್ನೊಬ್ಬರು ಮೊದಲೇ ನೋಡುವಂತಿರಲಿಲ್ಲ. ನಮ್ಮ ಅಧ್ಯಯನವೂ ಅದೇ ನಿಯಮವನ್ನು ಇಟ್ಟುಕೊಂಡಿದೆ. ಎಲ್ಲರ ಕಡತಗಳೂ ಮೊದಲು ಒಬ್ಬ ಮಧ್ಯಸ್ಥರ ಕೈ ಸೇರುತ್ತವೆ. ಎಲ್ಲರೂ ಸಲ್ಲಿಸಿದ ಮೇಲೆಯೇ ಲಕೋಟೆ ಒಡೆಯುವುದು. ಮೂರು ವಾರ ಒಂದೇ ಛಾವಣಿಯ ಮೇಲೆ ಒಟ್ಟಿಗೆ ಓಡಾಡಿದವರಿಗೆ ಇದು ಸುಲಭವಲ್ಲ. ಮೊನ್ನೆ ಪಕ್ಕದ ತಂಡದ ಗೆಳೆಯರೊಬ್ಬರು ಮೆಟ್ಟಿಲಿಳಿಯುತ್ತಾ, ಮಧ್ಯಾಹ್ನ ನಿಮಗೆ ಎಷ್ಟು ಬಂತು ಎಂದು ಕೇಳಿದವರೇ, ನಾನು ಬಾಯಿ ತೆರೆಯುವ ಮೊದಲೇ, ಬೇಡ, ಹೇಳಬೇಡಿ ಎಂದು ಕೈ ಅಡ್ಡ ಹಿಡಿದರು. ಈ ಅಧ್ಯಯನದ ಬೆಲೆ ಇರುವುದು ಆ ಅಡ್ಡ ಹಿಡಿದ ಕೈಯಲ್ಲಿ ಎಂದು ನಾನು ನಂಬುತ್ತೇನೆ. ನೆರೆಯವರ ಅಂಕಿ ಗೊತ್ತಾದ ಮೇಲೆ ನಮ್ಮ ತಪ್ಪುಗಳನ್ನು ನಾವು ಹುಡುಕುವುದು ಆ ಅಂಕಿಯ ದಿಕ್ಕಿನಲ್ಲಿ ಮಾತ್ರ.

ಈ ದೃಶ್ಯ ಕ್ಯಾಲಿಬ್ರೇಶನ್‌ನದು. ಪ್ರತಿ ವಾರ ರಾತ್ರಿ, 1000 ವಾಟ್‌ನ ಟಂಗ್‌ಸ್ಟನ್ ಹ್ಯಾಲೊಜನ್ ದೀಪವನ್ನು ಗುಮ್ಮಟದಿಂದ ಸರಿಯಾಗಿ 50 ಸೆಂಟಿಮೀಟರ್ ದೂರದಲ್ಲಿಟ್ಟು, ಅದರ ತಿಳಿದಿರುವ ಬೆಳಕಿಗೆ ನಮ್ಮ ಮಾಪಕ ಎಷ್ಟು ಹೇಳುತ್ತದೆಂದು ನೋಡಿದೆವು. ದೂರ ಒಂದು ಮಿಲಿಮೀಟರ್ ತಪ್ಪಿದರೂ ಬೆಳಕಿನ ಲೆಕ್ಕ ಶೇಕಡಾ 0.4ರಷ್ಟು ತಪ್ಪುತ್ತದೆ. ಅನಂತರ ಚಿಕ್ಕ ಪಾದರಸದ ದೀಪವನ್ನು ಹಚ್ಚಿ, ಅದರ 296.7, 312.6, 365.0 ನ್ಯಾನೊಮೀಟರ್ ಗೆರೆಗಳು ಇರಬೇಕಾದ ಜಾಗದಲ್ಲೇ ಇವೆಯೇ ಎಂದು ಪರೀಕ್ಷಿಸಿದೆವು. 300 ನ್ಯಾನೊಮೀಟರ್‌ನ ಆಸುಪಾಸಿನಲ್ಲಿ ಮೇಲಿನ ಓಝೋನ್ ಪದರವು ಬಿಸಿಲನ್ನು ಕಡಿದಾಗಿ ಕತ್ತರಿಸುವುದರಿಂದ, ಅಲ್ಲಿ ತರಂಗಾಂತರ ಕೂದಲೆಳೆಯಷ್ಟು ಸರಿದರೂ ಓಝೋನ್ ಒಡೆಯುವ ದರ ಎದ್ದು ಕಾಣುವಷ್ಟು ಬದಲಾಗುತ್ತದೆ. ಅದೇ ಜಾಗದಲ್ಲಿ ಇನ್ನೊಂದು ತೊಡಕಿದೆ: ಉದ್ದ ತರಂಗಾಂತರಗಳ ಪ್ರಬಲ ಬೆಳಕು ಉಪಕರಣದೊಳಗೆ ಚದುರಿ, ಇಲ್ಲದ ಫೋಟಾನುಗಳನ್ನು ಇರುವಂತೆ ತೋರಿಸುತ್ತದೆ. 285 ನ್ಯಾನೊಮೀಟರ್‌ನಲ್ಲಿ ಭೂಮಿಗೆ ತಲಪುವ ಬಿಸಿಲು ಅಳತೆಗೆ ಸಿಗದಷ್ಟು ಕ್ಷೀಣವಾದ್ದರಿಂದ, ಅಲ್ಲಿ ಕಂಡದ್ದೆಲ್ಲವನ್ನೂ ಚದುರಿದ ಬೆಳಕೆಂದೇ ಬಗೆದು ಉಳಿದ ಕಡೆಯಿಂದ ಕಳೆದಿದ್ದೇವೆ.

ಇನ್ನು ಕಡತ. ಹಲವು ತಂಡಗಳು ಸೇರಿ ವಾತಾವರಣವನ್ನು ಅಳೆದ 2004ರ ಐಕಾರ್ಟ್ ಅಭಿಯಾನದಿಂದ ಬಳಕೆಗೆ ಬಂದ ಸಾದಾ ಪಠ್ಯದ ರೂಪದಲ್ಲಿ ಇದನ್ನು ಬರೆಯಬೇಕು. ಅಳತೆ ಇಲ್ಲದ ಜಾಗದಲ್ಲಿ ನಾವು -9999 ಎಂದು ತುಂಬುತ್ತೇವೆ. ಹೊಸಬರು ಅಲ್ಲಿ ಸೊನ್ನೆ ಬರೆಯುವುದನ್ನು ಕಂಡಿದ್ದೇನೆ; ಸೊನ್ನೆಯೆಂದರೆ ಕತ್ತಲೆ, -9999 ಎಂದರೆ ನಮ್ಮಲ್ಲಿ ಅಳತೆಯಿಲ್ಲ. ಎರಡನೆಯ ವಾರದ ಒಂದು ಬೆಳಿಗ್ಗೆ ಗುಮ್ಮಟದ ಮೇಲೆ ಇಬ್ಬನಿ ಕುಳಿತಿತ್ತು. ಕ್ಯಾಮೆರಾವನ್ನು ಹತ್ತಿರ ಒಯ್ದಾಗ ಒಂದೊಂದು ಹನಿಯಲ್ಲೂ ತಲೆಕೆಳಗಾದ ಪುಟ್ಟ ಸೂರ್ಯ ಕಾಣುತ್ತಿದ್ದ. ಅಷ್ಟು ಮಸೂರಗಳ ಮೂಲಕ ಬಂದ ಬೆಳಕನ್ನು ಅಳತೆಯೆನ್ನಲಾಗದು. ಒರೆಸುವವರೆಗಿನ ನಲವತ್ತು ನಿಮಿಷಗಳಿಗೆ -9999 ಹಾಕಿ, ಕಾರಣವನ್ನು ಕಡತದ ಆರಂಭದ ವಿವರಣೆಯಲ್ಲಿ, ಅಂದರೆ ತಲೆಬರಹದಲ್ಲಿ, ಬರೆದೆ. ಬೆಳಕಿಲ್ಲದಾಗಲೂ ಉಪಕರಣದ ಅಂಕಿಗಳು ತುಸು ಏರಿಳಿಯುತ್ತವೆ, ಅದನ್ನು ಗದ್ದಲ ಎನ್ನುತ್ತೇವೆ; ಹಾಗಾಗಿ ರಾತ್ರಿಯ ಅಂಕಿಗಳಲ್ಲಿ ಕೆಲವು ಸೊನ್ನೆಗಿಂತ ತುಸು ಕೆಳಗಿವೆ. ಬಿಸಿಲು ಋಣವಾಗುವುದುಂಟೇ ಎಂದು ಅವನ್ನು ಸೊನ್ನೆಗೆ ಏರಿಸಿಬಿಟ್ಟರೆ, ಮೇಲೆ ಜಿಗಿದ ಗದ್ದಲ ಉಳಿದು ಕೆಳಗೆ ಇಳಿದದ್ದು ಅಳಿಸಿಹೋಗಿ, ರಾತ್ರಿಯ ಸರಾಸರಿಯಲ್ಲಿ ಇಲ್ಲದ ಬೆಳಕು ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಅವು ಹಾಗೆಯೇ ಇರುತ್ತವೆ.

ಫೋಟಾನುಗಳ ಸಂಖ್ಯೆಯಿಂದ ದರಕ್ಕೆ ಬರಲು ಅಣು ಬೆಳಕನ್ನು ಎಷ್ಟು ಹೀರುತ್ತದೆ, ಹೀರಿದ ಮೇಲೆ ಯಾವ ಪ್ರಮಾಣದಲ್ಲಿ ಒಡೆಯುತ್ತದೆ ಎಂಬ ಪ್ರಯೋಗಾಲಯದ ಅಂಕಿಗಳೂ ಬೇಕು. 310 ನ್ಯಾನೊಮೀಟರ್ ದಾಟಿದ ಮೇಲೆ ಓಝೋನಿನ ಒಡೆಯುವಿಕೆಯ ಬಗ್ಗೆ ಹಳೆಯ ಕೋಷ್ಟಕಗಳಿಗೂ ಹೊಸವಕ್ಕೂ ಗಣನೀಯ ವ್ಯತ್ಯಾಸವಿದೆ. ಯಾವ ಕೋಷ್ಟಕದ ಯಾವ ಆವೃತ್ತಿಯನ್ನು ಬಳಸಿದೆವೆಂದು ಹೇಳದ ದರದಿಂದ ಯಾರಿಗೂ ಪ್ರಯೋಜನವಿಲ್ಲ. ಅದಕ್ಕೇ ದರಗಳ ಜೊತೆಗೆ ಮೂಲ ರೋಹಿತಗಳನ್ನೂ ಒಪ್ಪಿಸುತ್ತಿದ್ದೇವೆ. ಮುಂದೆ ಕೋಷ್ಟಕ ಬದಲಾದರೆ ಯಾರು ಬೇಕಾದರೂ ಹೊಸದಾಗಿ ಲೆಕ್ಕ ಹಾಕಿಕೊಳ್ಳಬಹುದು.

ಈ ಕಡತವನ್ನು ನಾನು ಸಲ್ಲಿಸುತ್ತಿರುವುದು ಎರಡನೆಯ ಸಲ. ನಾಲ್ಕು ದಿನಗಳ ಹಿಂದೆ ಮೊದಲ ಆವೃತ್ತಿ ಕಳುಹಿಸಿದ ಮೇಲೆ, ಮೋಡವಿಲ್ಲದ ದಿನವೊಂದರ ರೇಖಾನಕ್ಷೆಯನ್ನು ಸುಮ್ಮನೆ ನೋಡುತ್ತಾ ಕುಳಿತಿದ್ದೆ. ಸೂರ್ಯ ಒಂದೇ ಎತ್ತರದಲ್ಲಿರುವಾಗ ಬೆಳಗಿನ ಅಂಕಿ ಕಡಿಮೆ, ಸಂಜೆಯದು ಹೆಚ್ಚು. ಮೊದಲು ಗಾಳಿಯ ಧೂಳಿನ ಮೇಲೆ ಅನುಮಾನ ಬಂತು. ಬೆಳಗಿನ ಮಸುಕು ಹೀಗೆ ಮಾಡಬಲ್ಲದು. ಆದರೆ ತಿಳಿಯಾದ ಆರು ದಿನಗಳಲ್ಲೂ ಓರೆ ಅಷ್ಟೇ ಇತ್ತು, ಧೂಳು ಅಷ್ಟು ನಿಯಮಪಾಲನೆ ಮಾಡುವುದಿಲ್ಲ. ರೇಖಾಂಶ ಮತ್ತು ದಿನಾಂಕದಿಂದ ಆ ಸ್ಥಳದ ನಿಜವಾದ ನಡುಹಗಲನ್ನು ಲೆಕ್ಕ ಹಾಕಿ ನೋಡಿದರೆ, ನಮ್ಮ ನಕ್ಷೆಯ ನೆತ್ತಿ ಅದಕ್ಕಿಂತ ಎರಡೂವರೆ ನಿಮಿಷ ತಡವಾಗಿತ್ತು. ನಾವು ಐದು ನಿಮಿಷಗಳ ಸರಾಸರಿ ತೆಗೆಯುತ್ತೇವೆ. ನಮ್ಮ ತಂತ್ರಾಂಶವು ಆ ಐದು ನಿಮಿಷದ ಕೊನೆಯ ಸಮಯವನ್ನು ನಮೂದಿಸುತ್ತಿತ್ತು, ನಾನು ತಲೆಬರಹದಲ್ಲಿ ಅದು ನಡುವಿನ ಸಮಯವೆಂದು ಬರೆದುಬಿಟ್ಟಿದ್ದೆ. ಎರಡೂವರೆ ನಿಮಿಷದಲ್ಲಿ ಭೂಮಿ ಅರ್ಧ ಡಿಗ್ರಿಗಿಂತ ಹೆಚ್ಚು ತಿರುಗಿರುತ್ತದೆ. ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಾದರಿ ಕಟ್ಟುವವರು ನನ್ನ ತಪ್ಪನ್ನು ಗಾಳಿಯ ಗುಣವೆಂದು ಓದಿಕೊಂಡು ವಾರಗಟ್ಟಲೆ ಕಾರಣ ಹುಡುಕಬಹುದಿತ್ತು.

ಮಧ್ಯಸ್ಥರಿಗೆ ಪತ್ರ ಬರೆದೆ. ಹೋಲಿಕೆ ಇನ್ನೂ ಶುರುವಾಗದ ಕಾರಣ ತಿದ್ದಿದ ಕಡತವನ್ನು ಸ್ವೀಕರಿಸುವುದಾಗಿಯೂ, ಹಳೆಯದನ್ನು ತೆಗೆದುಹಾಕುವುದಿಲ್ಲವೆಂದೂ ಅವರು ಉತ್ತರಿಸಿದರು. ಪರದೆಯ ಮೇಲೆ ಕಾಣುವ, ಹೆಸರಿನ ಕೊನೆಯಲ್ಲಿ 'ಆರ್1' ಎಂದಿರುವ ಕಡತ ಅದು; ಮೊದಲು ಕಳುಹಿಸಿದ್ದು 'ಆರ್0'. ಅದರ ತಲೆಬರಹದ ಈ ಸಾಲನ್ನು ಓದುತ್ತೇನೆ: 'ಆರ್0 ಆವೃತ್ತಿಯಲ್ಲಿ ಅವಧಿಯ ಅಂತ್ಯದ ಸಮಯವು ಮಧ್ಯದ ಸಮಯವೆಂದು ತಪ್ಪಾಗಿ ನಮೂದಾಗಿತ್ತು; ಎಲ್ಲ ಸಮಯಗಳನ್ನು 150 ಸೆಕೆಂಡು ಹಿಂದಕ್ಕೆ ಸರಿಸಲಾಗಿದೆ; ಅಳತೆಯ ಅಂಕಿಗಳು ಬದಲಾಗಿಲ್ಲ.'

ಈಗ ಸಲ್ಲಿಸಿದ್ದೇನೆ. ಐದೂ ತಂಡಗಳ ಗೆರೆಗಳನ್ನು ಒಂದೇ ನಕ್ಷೆಯಲ್ಲಿ ತೋರಿಸುವ ದಿನದ ವಿಡಿಯೊವನ್ನು, ನಮ್ಮ ಗೆರೆ ಎಲ್ಲಿ ಬಿದ್ದಿದ್ದರೂ, ಇಲ್ಲಿ ಹಾಕುತ್ತೇನೆ.